ಯೆಜ್ಡಿಗೆ ಹೊಸ ಮಡ್‌ಗಾರ್ಡ್ ಯಾಕೆ ಕೂರುವುದಿಲ್ಲ

ಚನ್ನರಾಯನದುರ್ಗದ ಸುತ್ತಿನ ಹಳ್ಳಿಗಳಲ್ಲಿ ಈಗಲೂ ಅಪರೂಪಕ್ಕೊಂದು ಯೆಜ್ಡಿ ಓಡಾಡುತ್ತದೆ. ಕಣ್ಣಿಗೆ ಬೀಳುವ ಮೊದಲೇ ಸದ್ದಿನಿಂದ ಗುರುತು ಹತ್ತುವ ಗಾಡಿ ಅದು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ತಂತ್ರಜ್ಞಾನ ತಂದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಈ ಬೈಕುಗಳನ್ನು ಮಾಡಿತು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಅಲ್ಲಿಂದೀಚೆಗೆ ಮಡ್‌ಗಾರ್ಡ್, ಸೈಲೆನ್ಸರ್, ಸ್ಟ್ಯಾಂಡು ಯಾವುದು ಬೇಕೆಂದರೂ ಎಲ್ಲೋ ಒಂದು ಸಣ್ಣ ಶೆಡ್ಡಿನಲ್ಲಿ ನಕಲು ಮಾಡಿದ್ದನ್ನೇ ಕೊಳ್ಳಬೇಕು. ತಂದದ್ದು ನೇರವಾಗಿ ಕೂರುವುದು ಕಡಿಮೆ.

ಕೊರಟಗೆರೆಯ ಒಂದು ಟಿಂಕರಿಂಗ್ ಅಂಗಡಿಯಲ್ಲಿ ಹಿಂದಿನ ಮಡ್‌ಗಾರ್ಡ್ ಜೋಡಿಸುವುದನ್ನು ನಿಂತು ನೋಡಿದೆ. ಒಂದು ಬೋಲ್ಟು ಹಾಕಿದರೆ ಇನ್ನೊಂದರ ತೂತು ಮೂರ್ನಾಲ್ಕು ಮಿಲಿಮೀಟರ್ ಆಚೆ. ಅಂಚುಗಳು ಎರಡೂ ಕಡೆ ಅಗಲಕ್ಕೆ ಬಿಚ್ಚಿಕೊಂಡು ಚಾಸಿಗೆ ಒರಸುತ್ತಿದ್ದವು. ಮೇಸ್ತ್ರಿ ಎರಡು ಕೈಯಲ್ಲಿ ಅಂಚು ಹಿಡಿದು ಒತ್ತಿದರು, ಸರಿಯಾಗಿ ಕೂತಿತು. ಕೈ ಬಿಟ್ಟರು, ಮತ್ತೆ ಬಿಚ್ಚಿಕೊಂಡಿತು. "ಲೋಕಲ್ ಪೀಸು ಸಾರ್, ವಾಪಸ್ ಬರುತ್ತೆ. ಇನ್ನೂ ಒಳಕ್ಕೆ ಬಗ್ಗಿಸಿದ್ರೇನೇ ಅಳತೆಗೆ ನಿಲ್ಲೋದು" ಎಂದರು.

ಆ ಒಂದು ಮಾತಿನಲ್ಲೇ ಇಡೀ ವಿಜ್ಞಾನವಿದೆ. ಮೃದು ಉಕ್ಕನ್ನು ಎಳೆದರೆ ಒಂದು ಮೀಟರಿಗೆ ಸುಮಾರು 1.2 ಮಿಲಿಮೀಟರ್ ಹಿಗ್ಗುವವರೆಗೆ ಅದು ರಬ್ಬರಿನ ಹಾಗೆ. ಬಿಟ್ಟ ಕೂಡಲೇ ಮೊದಲಿನ ಅಳತೆಗೆ ಮರಳುತ್ತದೆ. ಆ ಗೆರೆ ದಾಟಿದ ಮೇಲೆ ಮಾತ್ರ ಹೊಸ ಆಕಾರ ಖಾಯಂ. ತಗಡನ್ನು ಬಗ್ಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವಿನ ಪದರಕ್ಕೆ ಹೆಚ್ಚೇನೂ ಆಗುವುದಿಲ್ಲ. ಒತ್ತಡ ತೆಗೆದ ಕ್ಷಣ, ಗೆರೆ ದಾಟದ ಆ ನಡುಭಾಗ ತನ್ನ ಜಾಗಕ್ಕೆ ಮರಳಲು ಇಡೀ ತಗಡನ್ನೇ ಒಂದಿಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಎಷ್ಟು ಬೇಕೋ ಅಷ್ಟೇ ಬಗ್ಗಿಸಿದವನಿಗೆ ಯಾವತ್ತೂ ಕಡಿಮೆಯೇ ಸಿಗುವುದು.

ಮೂಲ ಕಾರ್ಖಾನೆಯವರಿಗೆ ಇದು ಗೊತ್ತಿತ್ತು. ಅವರ ಅಚ್ಚು ಮಡ್‌ಗಾರ್ಡಿನ ಆಕಾರದ್ದಾಗಿರುತ್ತಿರಲಿಲ್ಲ, ಅದಕ್ಕಿಂತ ಹೆಚ್ಚು ಬಾಗಿರುತ್ತಿತ್ತು. ಪ್ರೆಸ್ಸಿನಿಂದ ಹೊರಬಂದ ತಗಡು ಸ್ವಲ್ಪ ಬಿಚ್ಚಿಕೊಂಡು ಸರಿಯಾದ ಅಳತೆಗೆ ಬಂದು ನಿಲ್ಲುತ್ತಿತ್ತು. ನಕಲು ಮಾಡುವವರ ಕೈಯಲ್ಲಿ ಆ ಅಚ್ಚು ಇಲ್ಲ. ಇರುವುದು ಹಳೆಯ ಮಡ್‌ಗಾರ್ಡು ಮಾತ್ರ. ಅದರ ಮೈಗೆ ಸರಿಯಾಗಿ ಅಚ್ಚು ಮಾಡಿದರೆ, ಅದರಿಂದ ಬಂದ ತಗಡು ಮತ್ತೊಮ್ಮೆ ಬಿಚ್ಚಿಕೊಂಡು ಮೂಲಕ್ಕಿಂತ ಅಗಲವಾಗುತ್ತದೆ. ಮಾದರಿಗೆ ತಂದದ್ದೂ ಎಷ್ಟೋ ವರ್ಷ ಕಡ್ಲೆಕಾಯಿ ಮೂಟೆ ಹೊತ್ತು ಸಡಿಲಗೊಂಡದ್ದಾದರೆ ಕೇಳುವುದೇ ಬೇಡ. ನಕಲಿನಿಂದ ನಕಲು ಮಾಡಿದಂತೆಲ್ಲ ತಪ್ಪಿಗೆ ತಪ್ಪು ಕೂಡುತ್ತಾ ಹೋಗುತ್ತದೆ.

ಆದರೆ ಅರ ಕೈಗೆ ತೆಗೆದುಕೊಳ್ಳುವ ಮೊದಲು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ತಪ್ಪು ಹೊಸ ಭಾಗದ್ದೋ, ಗಾಡಿಯದ್ದೋ? ಐವತ್ತು ವರ್ಷ ಕಲ್ಲು ದಾರಿಯಲ್ಲಿ ಓಡಿದ ಚಾಸಿ ತಾನೇ ಸೊಟ್ಟಗಾಗಿರಬಹುದು, ಯಾರೋ ಬ್ರಾಕೆಟ್ಟನ್ನು ಕಿತ್ತು ಬೇರೆ ಕಡೆ ವೆಲ್ಡ್ ಮಾಡಿರಬಹುದು. ಹಿಂದಿನ ಚಕ್ರದ ನಡುವಿಗೆ ಒಂದು ದಾರ ಎಳೆದು ಎರಡೂ ಕಡೆ ಅಳೆದರೆ ಬಹುಪಾಲು ಗೊತ್ತಾಗುತ್ತದೆ. ಚಾಸಿ ನೆಟ್ಟಗಿದ್ದರೆ ಅದನ್ನು ಮುಟ್ಟಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಡ್‌ಗಾರ್ಡ್ ಕೆಟ್ಟರೆ ಇನ್ನೊಂದು ಸಿಗುತ್ತದೆ, ಅಷ್ಟು ಹಳೆಯ ಚಾಸಿ ಎಲ್ಲಿಂದ ತರುವುದು? 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮವೂ ಇದಕ್ಕೆ ಹೊಂದುತ್ತದೆ: ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬೇಕಾದರೆ ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು.

ತೂತು ಸರಿಹೊಂದಿಸುವುದು ಸುಲಭದ ಕೆಲಸ. ರೌಂಡ್ ಅರದಿಂದ ತೂತನ್ನು ಬೇಕಾದ ದಿಕ್ಕಿಗೆ ಉದ್ದ ಮಾಡಿದರಾಯಿತು. ತೂತು ದೊಡ್ಡದಾದರೆ ಬೋಲ್ಟು ಅಲ್ಲಾಡುವುದಿಲ್ಲವೇ ಎಂಬ ಅನುಮಾನ ಸಹಜ. ನಟ್ಟು ಬಿಗಿದಾಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗಿ, ಸ್ಪ್ರಿಂಗಿನಂತೆ ಎರಡೂ ತಗಡುಗಳನ್ನು ಒತ್ತಿ ಹಿಡಿಯುತ್ತದೆ. ತಗಡುಗಳನ್ನು ಜಾರದಂತೆ ನಿಲ್ಲಿಸುವುದು ಆ ಒತ್ತಡದಿಂದ ಹುಟ್ಟುವ ಘರ್ಷಣೆ, ತೂತಿನ ಅಂಚಲ್ಲ. ಆದ್ದರಿಂದ ದಪ್ಪನೆಯ ಅಗಲ ವಾಷರ್ ಹಾಕಿದರೆ ಭಯವಿಲ್ಲ. ಅರದ ಗೀರುಗಳನ್ನು ಮಾತ್ರ ಎಮರಿ ಕಾಗದದಿಂದ ನುಣುಪು ಮಾಡಬೇಕು, ಬಿರುಕು ಹುಟ್ಟುವುದೇ ಅಂಥ ಗೀರಿನ ತುದಿಯಲ್ಲಿ. ಒಂದೇ ಸಿಲಿಂಡರಿನ ಎಂಜಿನ್ 4500 ಸುತ್ತಿನಲ್ಲಿ ಒಂದು ಗಂಟೆ ಓಡಿದರೆ ಆ ತಗಡು 2 ಲಕ್ಷ 70 ಸಾವಿರ ಸಲ ನಡುಗುತ್ತದೆ.

ಬಡಿದು ಬಗ್ಗಿಸುವುದಕ್ಕೂ ಮಿತಿಯಿದೆ. ಸುತ್ತಿಗೆ ಪೆಟ್ಟು ಬಿದ್ದಂತೆಲ್ಲ ಉಕ್ಕಿನ ಹರಳುಗಳ ಒಳಗಿನ ಜಾರುಗೆರೆಗಳು ಒಂದಕ್ಕೊಂದು ಸಿಕ್ಕಿಕೊಂಡು ತಗಡು ಗಡುಸಾಗುತ್ತದೆ, ಕೊನೆಗೆ ಸೀಳುತ್ತದೆ. ನಡುವೆ ಒಮ್ಮೆ ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ ನಿಧಾನವಾಗಿ ಆರಲು ಬಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ಕ್ರೋಮ್ ಆದ ಮೇಲೆ ಇದನ್ನು ಮಾಡುವಂತಿಲ್ಲ; ಬಣ್ಣ ಬದಲಾಗುತ್ತದೆ, ಪದರ ಎದ್ದುಬರುತ್ತದೆ. ಎಲ್ಲವನ್ನೂ ಹಸಿ ತಗಡಿನಲ್ಲೇ ಜೋಡಿಸಿ, ಬಿಚ್ಚಿ, ಆಮೇಲಷ್ಟೇ ಕ್ರೋಮಿಗೆ ಕಳಿಸಬೇಕು.

ಎಂಜಿನ್ನಿನ ಒಳಗೆ ಲೆಕ್ಕ ಇನ್ನೂ ಸೂಕ್ಷ್ಮ. ಅಲ್ಯುಮಿನಿಯಂ ಕೇಸಿನ ಗುಂಡಿಗೆ ಬೇರಿಂಗ್ ಹೋಗದಿದ್ದರೆ ಕೆಲವರು ಗುಂಡಿಯನ್ನೇ ಉಜ್ಜುತ್ತಾರೆ. ಅದು ಗಾಡಿಗೆ ಮಾಡುವ ದ್ರೋಹ. ಬಿಗಿಯಾಗಿ ಇರಬೇಕಾದದ್ದೇ ಅದು. 60 ಮಿಲಿಮೀಟರ್ ಅಗಲದ ಅಲ್ಯುಮಿನಿಯಂ ಗುಂಡಿಯ ಬಿಸಿಯನ್ನು 80 ಡಿಗ್ರಿ ಏರಿಸಿದರೆ ಸುಮಾರು 0.11 ಮಿಲಿಮೀಟರ್ ಹಿಗ್ಗುತ್ತದೆ, ಬೇರಿಂಗ್ ತಾನಾಗಿ ಇಳಿಯುತ್ತದೆ, ಆರಿದ ಮೇಲೆ ಕಚ್ಚಿಕೊಳ್ಳುತ್ತದೆ. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಾದ ಕಬ್ಬಿಣದ ಪಟ್ಟಿ ಏರಿಸಿ ನೀರು ಹೊಯ್ಯುತ್ತಿದ್ದ ನಮ್ಮ ಕಮ್ಮಾರರು ಮಾಡುತ್ತಿದ್ದದ್ದೂ ಇದನ್ನೇ.

ಸೈಲೆನ್ಸರ್ ಪೈಪಿನ ವಿಷಯದಲ್ಲಿ ಇನ್ನೊಂದು ತೊಡಕು. ಪೈಪು ಉದ್ದವಾಯಿತೆಂದು ಒಂದಿಂಚು ಕತ್ತರಿಸುವವರಿದ್ದಾರೆ. ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಪೈಪು ಎಂಜಿನ್ನಿನದೇ ಭಾಗ. ಪಿಸ್ಟನ್ ಕೆಳಗಿಳಿದು ಹೊಗೆ ಬಾಯಿ ತೆರೆದಾಗ ಒತ್ತಡದ ಅಲೆಯೊಂದು ಬಿಸಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಪೈಪಿನ ಉದ್ದಕ್ಕೂ ಹೋಗಿ, ಪೈಪಿನ ಅಗಲ ಬದಲಾಗುವಲ್ಲಿ ಬಡಿದು ಒಂದಂಶ ವಾಪಸಾಗುತ್ತದೆ. 5000 ಸುತ್ತಿನಲ್ಲಿ ಆ ಬಾಯಿ ತೆರೆದಿರುವುದು ಸುಮಾರು 5 ಮಿಲಿಸೆಕೆಂಡ್. ಮರಳಿದ ಅಲೆ ಯಾವ ಹೊತ್ತಿಗೆ ಬರುತ್ತದೆ ಎಂಬುದರ ಮೇಲೆ ಹೊಸ ಪೆಟ್ರೋಲ್ ಮಿಶ್ರಣ ಒಳಗೆ ಉಳಿಯುವುದೂ ಹೊರಗೆ ಸೋರುವುದೂ ನಿಂತಿದೆ. ಒಂದಿಂಚು ಕಡಿಮೆಯಾದರೆ ಅಲೆ ಕ್ರಾಂಕಿನ ಲೆಕ್ಕದಲ್ಲಿ ಮೂರು ಡಿಗ್ರಿ ಮುಂಚೆ ಬರುತ್ತದೆ. ಯೆಜ್ಡಿಯ ಸೈಲೆನ್ಸರ್ ರೇಸ್ ಗಾಡಿಯದರಷ್ಟು ನಾಜೂಕಲ್ಲ, ಇಷ್ಟಕ್ಕೆ ಎಂಜಿನ್ ನಿಂತುಹೋಗುವುದಿಲ್ಲ. ಪೈಪನ್ನು ಎಳೆದು ಬಲವಂತದಿಂದ ಬೋಲ್ಟು ಬಿಗಿಯುವುದು ಅದಕ್ಕಿಂತ ಕೆಟ್ಟದ್ದು: ಸಿಲಿಂಡರಿನ ಜೋಡಣೆಯಲ್ಲಿ ಹೊಗೆ ಸೋರುತ್ತದೆ, ಬ್ರಾಕೆಟ್ ಸೀಳುತ್ತದೆ. ಮೊದಲು ಸಿಲಿಂಡರಿನ ಕಡೆ ಪೈಪು ಸಹಜವಾಗಿ ಕೂರಲಿ. ಹಿಂದಿನ ಬ್ರಾಕೆಟ್ ಎಷ್ಟು ದೂರ ಉಳಿಯಿತೋ ಅಷ್ಟು ದಪ್ಪದ ಒಂದು ಉಕ್ಕಿನ ಬುಷ್ ಅನ್ನು ಲೇತಿನಲ್ಲಿ ತಿರುಗಿಸಿ ನಡುವೆ ಇಟ್ಟರೆ ಸಾಕು.