‘ಹ’ ಎಂಬ ಊರು ಎಲ್ಲಿದೆ?

ಸರ್ವರ್ ತಾನು ಮಾಡಿದ ಪ್ರತಿ ಕೆಲಸವನ್ನೂ ಒಂದೊಂದು ಸಾಲಿನಲ್ಲಿ ಬರೆದಿಡುತ್ತದೆ. ಅದೇ ಲಾಗ್. ದಿನಾಂಕ, ಸಮಯ, ಊರು, ದೋಷದ ಸಂಖ್ಯೆ ಎಲ್ಲವೂ ಒಂದೇ ಸಾಲಿನಲ್ಲಿ ಇರುತ್ತವೆ. ಇಂಥ ಲಕ್ಷಗಟ್ಟಲೆ ಸಾಲುಗಳಿಂದ ಬೇಕಾದ್ದನ್ನಷ್ಟೇ ಹೆಕ್ಕಲು ನಾವು ಬಳಸುವುದು ರೆಗ್ಯುಲರ್ ಎಕ್ಸ್‌ಪ್ರೆಶನ್, ಆಡುಮಾತಿನಲ್ಲಿ ರೆಜೆಕ್ಸ್. ಗಣಿತಜ್ಞ ಸ್ಟೀಫನ್ ಕ್ಲೀನಿ 1950ರ ದಶಕದಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಪಠ್ಯದಲ್ಲಿ ಹುಡುಕಲು ಇದನ್ನು ಬಳಸುವ ಬಗೆಯನ್ನು ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದರು. ‘ನಾಲ್ಕು ಅಂಕಿ, ಅಡ್ಡಗೆರೆ, ಎರಡು ಅಂಕಿ, ಅಡ್ಡಗೆರೆ, ಎರಡು ಅಂಕಿ’ ಎಂಬ ಮಾದರಿ ಕೊಟ್ಟರೆ ಸಾಕು, 2024-03-15 ಎಂಬ ದಿನಾಂಕ ಸಿಕ್ಕಿಬಿಡುತ್ತದೆ.

ಪುಣೆಯಲ್ಲಿ ನಮ್ಮ ತಂಡಕ್ಕೆ ಬಂದ ಒಂದು ವರದಿ, ಯಾವ ಊರಿನಲ್ಲಿ ಹಣ ಪಾವತಿ ಹೆಚ್ಚು ಕೈಕೊಡುತ್ತಿದೆ ಎಂದು ಹೇಳಬೇಕಿತ್ತು. ಅದರಲ್ಲಿ ‘ಹ’ ಎಂಬ ಊರಿತ್ತು! ಕನ್ನಡ ಓದಬಲ್ಲವನು ನಾನೊಬ್ಬನೇ ಆದ್ದರಿಂದ ಕಡತ ನನ್ನ ಮೇಜಿಗೆ ಬಂತು. ಮೂಲ ಲಾಗ್ ತೆರೆದರೆ ಹಾಸನ, ಹಾವೇರಿ, ಹುಬ್ಬಳ್ಳಿ ಮೂರೂ ಆ ಒಂದಕ್ಷರದೊಳಗೆ ಸೇರಿಹೋಗಿದ್ದವು. ಧಾರವಾಡ ‘ಧ’ ಆಗಿತ್ತು.

ಕಾರಣ ಸರಳ. ಯೂನಿಕೋಡ್‌ನಲ್ಲಿ ‘ಹಾ’ ಒಂದಲ್ಲ, ಎರಡು ಸಂಕೇತ: ‘ಹ’ ಮತ್ತು ಅದರ ಇಳಿ. ಪದದ ಅಕ್ಷರಗಳನ್ನು ಗುರುತಿಸಲು ರೆಜೆಕ್ಸ್‌ನಲ್ಲಿ ‘ಬ್ಯಾಕ್‌ಸ್ಲ್ಯಾಷ್ ಡಬ್ಲ್ಯೂ’ ಎಂಬ ಗುರುತಿದೆ. ಪೈಥಾನ್‌ನ ಜೊತೆಗೇ ಬರುವ ರೆಜೆಕ್ಸ್ ಲೈಬ್ರರಿಯಲ್ಲಿ ಅದು ‘ಹ’ವನ್ನು ಒಪ್ಪುತ್ತದೆ, ಇಳಿ, ಗುಡಿಸು, ಕೊಂಬುಗಳನ್ನು ಅಕ್ಷರವೆಂದು ಎಣಿಸದೆ ಅಲ್ಲೇ ನಿಲ್ಲುತ್ತದೆ. ದೇವನಾಗರಿಗೂ ಇದೇ ಗತಿ. ಪಕ್ಕದ ಮರಾಠಿ ಗೆಳೆಯ ‘ಪುಣೆ’ ಎಂದು ಮರಾಠಿಯಲ್ಲಿ ಟೈಪಿಸಿ ನೋಡಿದ; ಅವನ ಊರೂ ಎರಡು ತುಂಡಾಯಿತು.

ಪರಿಹಾರವೂ ಸರಳ. ಊರಿನ ಹೆಸರಿನಲ್ಲಿ ಯಾವ ಅಕ್ಷರ ಇರಬಹುದು ಎಂದು ಹೇಳುವ ಬದಲು, ಹೆಸರು ಎಲ್ಲಿ ಮುಗಿಯುತ್ತದೆ ಎಂದು ಹೇಳಬೇಕು. ನಮ್ಮ ಲಾಗ್‌ನಲ್ಲಿ ವಿವರಗಳ ನಡುವೆ ಒಂದು ನಿಂತ ಗೆರೆ ಇದೆ. ‘ಮುಂದಿನ ಗೆರೆ ಬರುವವರೆಗೆ ಇರುವುದೆಲ್ಲ ಊರು’ ಎಂದು ಮಾದರಿ ಬದಲಿಸಿದೆವು. ಹುಬ್ಬಳ್ಳಿ ಒತ್ತಕ್ಷರಗಳ ಸಮೇತ ಮರಳಿತು.

ಇಲ್ಲಿ ಪ್ರೋಗ್ರಾಂ ಎಲ್ಲೂ ನಿಲ್ಲಲಿಲ್ಲ, ದೋಷವಿದೆ ಎಂದು ಹೇಳಲೂ ಇಲ್ಲ. ತಪ್ಪು ಉತ್ತರವನ್ನೇ ಅಚ್ಚುಕಟ್ಟಾಗಿ ಕೊಟ್ಟಿತು. ಹಾವೇರಿಯ ಅಂಗಡಿಯವರ ಪಾವತಿ ನಿಂತರೆ ಅದನ್ನು ಸರಿಪಡಿಸುವವರಿಗೆ ಮೊದಲು ಹಾವೇರಿ ಕಾಣಬೇಕಲ್ಲ? ಹಾಗಾಗಿ ಈ ಕೆಲಸದಲ್ಲಿರುವ ಕನ್ನಡಿಗರಿಗೆ ನನ್ನದೊಂದು ಮಾತು: ಯಾವುದೇ ಮಾದರಿ ಬರೆದರೂ ಪರೀಕ್ಷೆಗೆ ನಿಮ್ಮೂರಿನ ಹೆಸರನ್ನು ಕನ್ನಡದಲ್ಲೇ ಕೊಟ್ಟು ನೋಡಿ.