ಆಂಟ್ ಆಜ್ಞಾಕಡತ: ಯಾವ ಕೆಲಸ ಮೊದಲು, ಯಾವುದು ನಂತರ?

ಲೆಕ್ಕಪತ್ರಗಳನ್ನು ಗಣಕಯಂತ್ರದಲ್ಲಿ ಇಟ್ಟುಕೊಂಡಿರುವ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಬ್ಯಾಕಪ್ ಎಂಬುದು ಕೇವಲ ಅನುಕೂಲದ ಮಾತಾಗಿ ಉಳಿದಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ, ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಲೆಕ್ಕಪುಸ್ತಕಗಳನ್ನು ಕಾಪಾಡಬೇಕು. ಕಂಪನಿಯಾಗಿ ನೋಂದಾಯಿತವಾದ ಸಂಸ್ಥೆಗಳು ಗಣಕೀಕೃತ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕೆಂದು 2022ರ ಆಗಸ್ಟ್‌ನಲ್ಲಿ ನಿಯಮಕ್ಕೆ ತಿದ್ದುಪಡಿಯಾಯಿತು. ದಿನವೂ ಆಗಬೇಕಾದ ಕೆಲಸವನ್ನು ಗುಮಾಸ್ತರ ನೆನಪಿಗೆ ಬಿಡುವುದಕ್ಕಿಂತ ಯಂತ್ರಕ್ಕೇ ವಹಿಸುವುದು ಲೇಸು.

ಇದಕ್ಕೆ ಒದಗುವ ಉಚಿತ ಸಾಧನಗಳಲ್ಲಿ ಅಪಾಚೆ ಆಂಟ್ ಒಂದು. ಜೇಮ್ಸ್ ಡಂಕನ್ ಡೇವಿಡ್ಸನ್ ಅವರು ಟಾಮ್‌ಕ್ಯಾಟ್ ತಂತ್ರಾಂಶವನ್ನು ಕಟ್ಟುವ ಸಲುವಾಗಿ ರಚಿಸಿದ ಇದು 2000ದ ಜುಲೈನಲ್ಲಿ ಸ್ವತಂತ್ರವಾಗಿ ಬಿಡುಗಡೆಯಾಯಿತು. ಗಣಕದಲ್ಲಿ ಜಾವಾ ಇದ್ದರೆ ಸಾಕು. ಮಾಡಬೇಕಾದ ಕೆಲಸಗಳನ್ನು ಎಕ್ಸ್‌ಎಂಎಲ್ ಟ್ಯಾಗ್‌ಗಳ ರೂಪದಲ್ಲಿ ಒಂದು ಕಡತದಲ್ಲಿ ಬರೆದಿಟ್ಟರೆ, ಕಡತಗಳನ್ನು ಜಿಪ್ ಮಾಡುವುದು, ನಕಲಿಸುವುದು, ಅಳಿಸುವುದು ಎಲ್ಲವನ್ನೂ ಅದು ನೆರವೇರಿಸುತ್ತದೆ. ಆದರೆ ಈ ಟ್ಯಾಗ್‌ಗಳು ನಡೆಯುವ ಕ್ರಮವನ್ನು ತಿಳಿಯದೆ ಬಳಸಿದರೆ, ಹೊಸ ಪ್ರತಿ ಸಿದ್ಧವಾಗುವ ಮೊದಲೇ ಹಳೆಯದು ಅಳಿಸಿಹೋಗಬಹುದು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನಮ್ಮ ಆಜ್ಞಾಕಡತದಲ್ಲಿ ಕಟ್ಟು, ಪರಿಶೀಲನೆ, ಸಾಗಣೆ, ಅಳಿಸು ಎಂಬ ನಾಲ್ಕು ಟಾರ್ಗೆಟ್‌ಗಳಿವೆ ಎನ್ನಿ. ಲೆಕ್ಕದ ಕಡತಗಳನ್ನು ಜಿಪ್ ಆಗಿ ಕಟ್ಟುವುದು, ಕಟ್ಟಿದ್ದು ಸರಿಯಿದೆಯೇ ಎಂದು ನೋಡುವುದು, ಬೇರೊಂದು ಡಿಸ್ಕಿಗೆ ಸಾಗಿಸುವುದು, ಕೊನೆಗೆ ಹಳೆಯ ಪ್ರತಿಗಳನ್ನು ತೆಗೆದುಹಾಕುವುದು. ಒಂದು ಟಾರ್ಗೆಟ್‌ನ ಒಳಗಿನ ಟ್ಯಾಗ್‌ಗಳು ಬರೆದ ಕ್ರಮದಲ್ಲೇ ನಡೆಯುತ್ತವೆ; 'ಪ್ಯಾರಲಲ್' ಟ್ಯಾಗಿನೊಳಗೆ ಹಾಕಿದವು ಮಾತ್ರ ಏಕಕಾಲದಲ್ಲಿ ಹೊರಡುತ್ತವೆ. ಟಾರ್ಗೆಟ್‌ಗಳ ವಿಷಯ ಹಾಗಲ್ಲ. ಅವುಗಳಲ್ಲಿ ಯಾವುದನ್ನು ಕಡತದ ಮೇಲುಗಡೆ ಬರೆದಿದೆ ಎಂಬುದಕ್ಕೆ ಬೆಲೆಯೇ ಇಲ್ಲ. 'ಡಿಪೆಂಡ್ಸ್' ಎಂಬ ಅಟ್ರಿಬ್ಯೂಟ್‌ನಲ್ಲಿ ಹೇಳಿದ ಅವಲಂಬನೆಯೇ ಕ್ರಮವನ್ನು ನಿರ್ಣಯಿಸುತ್ತದೆ.

ಅನೇಕರು ನಾಲ್ಕು ಹೆಸರುಗಳನ್ನೂ ಮುಖ್ಯ ಟಾರ್ಗೆಟ್‌ನ ಡಿಪೆಂಡ್ಸ್‌ನಲ್ಲಿ ಸಾಲಾಗಿ ಬರೆದು ಮುಗಿಸುತ್ತಾರೆ. ಆಂಟ್ ಅವನ್ನು ಎಡದಿಂದ ಬಲಕ್ಕೆ ನಡೆಸುವುದರಿಂದ ಕೆಲಸವೇನೋ ಆಗುತ್ತದೆ. ಆದರೆ ಡಿಸ್ಕ್ ತುಂಬಿತೆಂದು ಯಾರಾದರೂ 'ಅಳಿಸು' ಒಂದನ್ನೇ ಕರೆದರೆ, ಅದು ಯಾವುದನ್ನೂ ಕಾಯದೆ ಅಳಿಸಿಬಿಡುತ್ತದೆ. ಇದಕ್ಕಿಂತ ಸರಪಣಿಯ ಕಟ್ಟಳೆಯೇ ಮೇಲೆಂಬುದು ನನ್ನ ಅಭಿಪ್ರಾಯ: ಅಳಿಸು ಸಾಗಣೆಯನ್ನು, ಸಾಗಣೆ ಪರಿಶೀಲನೆಯನ್ನು, ಪರಿಶೀಲನೆ ಕಟ್ಟನ್ನು ಅವಲಂಬಿಸಲಿ. ಸರಕು ಒಳಬಂದು ತಪಾಸಣೆಯಾಗದೆ ಬಿಲ್ಲಿಗೆ ಹಣ ಪಾವತಿಸದ ಪದ್ಧತಿಯೇ ಇಲ್ಲಿಯೂ. ಒಂದೇ ಟಾರ್ಗೆಟ್ ಹಲವು ಕಡೆ ಅವಲಂಬನೆಯಾಗಿ ಬಂದರೂ ಒಂದು ಓಟದಲ್ಲಿ ಒಮ್ಮೆ ಮಾತ್ರ ನಡೆಯುತ್ತದೆ. 'ಆಂಟ್‌ಕಾಲ್' ಮೂಲಕ ಕರೆದಾಗ ಮಾತ್ರ ಅವಲಂಬನೆಗಳೆಲ್ಲ ಮತ್ತೆ ಹೊಸದಾಗಿ ನಡೆಯುತ್ತವೆ.

ಸರಪಣಿಯೊಂದೇ ಸಾಲದು. ಕಟ್ಟಬೇಕಾದ ಫೋಲ್ಡರ್ ಖಾಲಿಯಿದ್ದರೆ ಜಿಪ್ ಟ್ಯಾಗ್ ಒಂದು ಎಚ್ಚರಿಕೆ ಬರೆದು ಸುಮ್ಮನೆ ಮುಂದೆ ಸಾಗುತ್ತದೆ. 'ವೆನ್‌ಎಂಪ್ಟಿ'ಗೆ 'ಫೇಲ್' ಎಂದು ಕೊಟ್ಟರೆ ಮಾತ್ರ ನಿಲ್ಲುತ್ತದೆ. 'ಎಕ್ಸೆಕ್' ಟ್ಯಾಗಿನಿಂದ ನಡೆಸಿದ ಹೊರಗಿನ ಪ್ರೋಗ್ರಾಂ ಸೋಲಿನ ಸಂಕೇತ ಕೊಟ್ಟರೂ ಅಷ್ಟೇ. 'ಫೇಲ್‌ಆನ್‌ಎರರ್' ಅನ್ನು 'ಟ್ರೂ' ಮಾಡಿರಬೇಕು. ಪ್ರತಿ ರಾತ್ರಿಯ ಜಿಪ್‌ಗೂ ಒಂದೇ ಹೆಸರಿದ್ದರೆ ಪರಿಶೀಲನೆಯು ನಿನ್ನೆಯ ಕಡತವನ್ನೇ ಕಂಡು ತೃಪ್ತಿಪಟ್ಟೀತು; ಆದುದರಿಂದ 'ಟಿಸ್ಟ್ಯಾಂಪ್' ಟ್ಯಾಗಿನಿಂದ ಹೆಸರಿಗೆ ದಿನಾಂಕ ಸೇರಿಸಬೇಕು. ಅದನ್ನು ಟಾರ್ಗೆಟ್‌ಗಳ ಹೊರಗೆ ಬರೆಯಬಹುದು, ಏಕೆಂದರೆ ಹೊರಗಿನ ಟ್ಯಾಗ್‌ಗಳು ಎಲ್ಲ ಟಾರ್ಗೆಟ್‌ಗಳಿಗಿಂತ ಮೊದಲು ನಡೆಯುತ್ತವೆ. ಅದೇ ಕಾರಣಕ್ಕೆ ಅಳಿಸುವ ಟ್ಯಾಗನ್ನು ಅಲ್ಲಿ ಎಂದೂ ಬರೆಯಬಾರದು.

ಅತ್ಯಂತ ಮೋಸಗೊಳಿಸುವುದು 'ಇಫ್' ಷರತ್ತು. ಪರಿಶೀಲನೆ ಯಶಸ್ವಿಯಾದರೆ 'ಸರಿ' ಎಂಬ ಪ್ರಾಪರ್ಟಿಗೆ ಬೆಲೆ ಕೊಟ್ಟು, ಅದು ಇದ್ದರೆ ಮಾತ್ರ ಅಳಿಸು ಎನ್ನುವುದು ಯುಕ್ತವೇ. ಅವಲಂಬನೆಗಳು ನಡೆದ ಮೇಲೆಯೇ ಷರತ್ತನ್ನು ನೋಡಲಾಗುವುದರಿಂದ ಇದು ಹೊಂದುತ್ತದೆ. ಆದರೆ ಮುಂಜಾಗ್ರತೆಯೆಂದು ಕಡತದ ಮೊದಲಿಗೇ 'ಸರಿ' ಎಂಬುದಕ್ಕೆ 'ಇಲ್ಲ' ಎಂದು ಬರೆದಿಟ್ಟರೆ ಉಲ್ಟಾ ಆಗುತ್ತದೆ. ಪ್ರಾಪರ್ಟಿಗೆ ಮೊದಲು ಕೊಟ್ಟ ಬೆಲೆ ಆಮೇಲೆ ಬದಲಾಗುವುದಿಲ್ಲ; ಬರಿಯ ಹೆಸರನ್ನು ಕೊಟ್ಟಾಗ 'ಇಫ್' ಆ ಬೆಲೆಯನ್ನೂ ಓದುವುದಿಲ್ಲ, ಪ್ರಾಪರ್ಟಿ ಇದೆಯೇ ಎಂದಷ್ಟೇ ನೋಡುತ್ತದೆ. 'ಇಲ್ಲ' ಎಂದು ಬರೆದದ್ದೇ ಅಳಿಸಲು ಅಪ್ಪಣೆಯಾದಂತೆ!

ಆಜ್ಞಾಕಡತವನ್ನು ಬಳಕೆಗೆ ತರುವ ಮೊದಲು ಲೆಕ್ಕಗಳ ನಕಲಿನ ಮೇಲೆ ಎರಡು ಬಾರಿ ನಡೆಸಿ ನೋಡುವುದು ಅಗತ್ಯ: ಒಮ್ಮೆ ಕಡತಗಳಿರುವ ಫೋಲ್ಡರ್ ಕೊಟ್ಟು, ಇನ್ನೊಮ್ಮೆ ಬೇಕೆಂದೇ ಖಾಲಿ ಫೋಲ್ಡರ್ ಕೊಟ್ಟು. ಎರಡನೆಯ ಬಾರಿ ಹಳೆಯ ಪ್ರತಿ ಮಾಯವಾದರೆ ಆ ಆಜ್ಞಾಕಡತವನ್ನು ರಾತ್ರಿಯ ಕೆಲಸಕ್ಕೆ ಹಚ್ಚಬಾರದು.