ಹಿರಿಯ ನಾಗರಿಕರ ರಕ್ಷಣೆ: ಗ್ರಾಮ ಪಂಚಾಯಿತಿ ಸದಸ್ಯರ ಪಾತ್ರ

ಮನೆಯೊಳಗೆ ನಡೆಯುವ ಹಿರಿಯರ ಶೋಷಣೆಯು ಯಾವುದೇ ಒಂದು ಇಲಾಖೆಗೆ ಪೂರ್ಣವಾಗಿ ಗೋಚರಿಸುವುದಿಲ್ಲ. ಮೈಮೇಲಿನ ಗಾಯ ಆಶಾ ಕಾರ್ಯಕರ್ತೆಯ ಕಣ್ಣಿಗೆ ಬೀಳಬಹುದು. ಪಿಂಚಣಿ ಹಣ ಅನ್ಯರ ಕೈ ಸೇರುತ್ತಿರುವುದನ್ನು ಅಂಚೆ ಸಿಬ್ಬಂದಿ ಅರಿತಿರಬಹುದು. ದಾನಪತ್ರ ಆಧರಿಸಿದ ಮನೆಯ ಖಾತಾ ಬದಲಾವಣೆ ಅರ್ಜಿ ಪಂಚಾಯಿತಿಗೇ ಬರುತ್ತದೆ. ಇವೆಲ್ಲವನ್ನೂ ಜೋಡಿಸಿ ನೋಡಬಲ್ಲವರು ಆ ವಾರ್ಡಿನ ಸದಸ್ಯರು.

ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರನ್ವಯ 60 ವರ್ಷ ತುಂಬಿದವರು ಜೀವನಾಂಶ ಕೋರಬಹುದು. ಬಸವಕಲ್ಯಾಣ ಹಾಗೂ ಹುಮನಾಬಾದ್ ತಾಲ್ಲೂಕುಗಳವರು ಬಸವಕಲ್ಯಾಣ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸತಕ್ಕದ್ದು. ಅಶಕ್ತರಾದವರ ಪರವಾಗಿ ಅವರಿಂದ ಅಧಿಕಾರ ಪಡೆದವರು ಅರ್ಜಿ ನೀಡಬಹುದು. ಮಂಡಳಿಯು ಸ್ವಯಂಪ್ರೇರಿತವಾಗಿಯೂ ವಿಚಾರಣೆ ಕೈಗೊಳ್ಳಬಲ್ಲದಾದ್ದರಿಂದ ಸದಸ್ಯರ ಲಿಖಿತ ಮಾಹಿತಿಯೂ ವ್ಯರ್ಥವಾಗದು.

ಆಸ್ತಿಯ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಆರೈಕೆಯ ಷರತ್ತಿನ ಮೇಲೆ ದಾನ ಪಡೆದವರು ಹಿರಿಯರನ್ನು ಕೈಬಿಟ್ಟಲ್ಲಿ, ಕಲಂ 23ರನ್ವಯ ಆ ದಾನವನ್ನು ಅನೂರ್ಜಿತವೆಂದು ಘೋಷಿಸಬಹುದು. ಸ್ವಂತ ಮಗನೊಡನೆ ಷರತ್ತೇಕೆ ಎಂಬ ಸಂಕೋಚ ಸಹಜವೇ. ಆದರೂ ಷರತ್ತನ್ನು ಪತ್ರದಲ್ಲೇ ಬರೆಸುವಂತೆ ನೋಂದಣಿಗೆ ಮುನ್ನ ತಿಳಿಹೇಳುವುದು ಲೇಸು.

ಹಲ್ಲೆ ನಡೆದಲ್ಲಿ ನ್ಯಾಯಮಂಡಳಿಗಾಗಿ ಕಾಯದೆ 112ಕ್ಕೆ ಕರೆ ಮಾಡಬೇಕು. ಸಲಹೆಗಾಗಿ ಹಿರಿಯರ ಸಹಾಯವಾಣಿ 14567 ಲಭ್ಯವಿದೆ. ಹಿರಿಯರನ್ನು ವಿಚಾರಿಸುವಾಗ ಮನೆಯವರು ಎದುರಿಗೆ ಇರದಂತೆ ನೋಡಿಕೊಳ್ಳತಕ್ಕದ್ದು.